ಒಂದರಿಂದ ಎಣಿಸಿದವಳು

ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು.

ಕಲಿಯುವ ಶಿಷ್ಯರು ಏಳು ಜನ. ಕಂಪ್ಯೂಟರ್ ಮೂರು. ಚಾವಣಿಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಎರಡು ಹಲಗೆ. ಮೋಡ ಕವಿದ ದಿನ ಕಂಪ್ಯೂಟರ್ ಮಲಗುತ್ತಿತ್ತು. ಶಿಷ್ಯರೂ ಮಲಗುತ್ತಿದ್ದರು.

ಗುರುಗಳಿಗೆ ವಯಸ್ಸಾಗಿತ್ತು. ಮಾತು ಕಡಿಮೆ. ಹಗಲೆಲ್ಲ ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿರುತ್ತಿದ್ದರು. ಅದು ನಿದ್ದೆಯೋ ಯೋಚನೆಯೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪಾಠದ ಹೊಣೆ ಹಿರಿಯ ಶಿಷ್ಯ ಶ್ರೀಕಂಠನದು. ಪಾಠ ಹೇಳುವವನೂ ಅವನೇ, ಉತ್ತರ ತಿದ್ದುವವನೂ ಅವನೇ. ಗೋಡೆಯ ಮೇಲೆ ನಿಯಮ ಬರೆದು ಅಂಟಿಸಿದವನೂ ಅವನೇ.

ನಿಯಮ ಒಂದೇ ಸಾಲು. ಇನ್ನೊಬ್ಬರದನ್ನು ನೋಡಿ ಬರೆದವರು ಮುಂದಿನ ದೋಣಿಗೆ ಹೊರಡಬೇಕು.

ಅದನ್ನು ಅಂಟಿಸುವಾಗ ಗುರುಗಳು ಬೇಡ ಅನ್ನಲಿಲ್ಲ. ಹೂಂ ಅನ್ನಲೂ ಇಲ್ಲ.

ಒಂದು ಮಧ್ಯಾಹ್ನ ಶ್ರೀಕಂಠ ಕಂಪ್ಯೂಟರಿನಿಂದ ಅಚ್ಚು ತೆಗೆದ ಎರಡು ಹಾಳೆ ಹಿಡಿದು ಜಗಲಿಗೆ ಬಂದ.

"ಗುರುಗಳೇ, ಕಳ್ಳತನ ಆಗಿದೆ."

"ಏನು ಹೋಯ್ತು?"

"ಏನೂ ಹೋಗಿಲ್ಲ. ನೋಡಿ ಬರೆದಿದ್ದಾರೆ."

"ಏನೂ ಹೋಗದ ಕಳ್ಳತನ," ಅಂದರು ಗುರುಗಳು. ಕಣ್ಣು ತೆರೆಯಲಿಲ್ಲ. "ಹೇಳು."

ಶ್ರೀಕಂಠ ಶಿಷ್ಯರಿಗೆ ಕೊಟ್ಟ ಪ್ರಶ್ನೆ ಸುಲಭದ್ದು. ಆಶ್ರಮದ ದಡದಲ್ಲಿ ಒಂದು ದೋಣಿ ಇದೆ. ಅದರಲ್ಲಿ ಹನ್ನೆರಡು ಜನ ಹಿಡಿಯುತ್ತಾರೆ. ದಿನಕ್ಕೆ ಇಷ್ಟು ಜನ ದಾಟಲು ಈ ದಡಕ್ಕೆ ಬಂದರೆ ದೋಣಿ ಆ ದಡಕ್ಕೆ ಎಷ್ಟು ಸಲ ಹೋಗುತ್ತದೆ? ಜನರ ಲೆಕ್ಕ, ಉದಾಹರಣೆಗೆ ಅರವತ್ತು, ಕೊಟ್ಟರೆ ಪ್ರೋಗ್ರಾಂ ಉತ್ತರ ಹೇಳಬೇಕು.

"ಅರವತ್ತು ಜನ ಅಂತ ಕೊಟ್ಟು ನೋಡಿದೆ," ಅಂದ ಶ್ರೀಕಂಠ. "ಎಲ್ಲರ ಪ್ರೋಗ್ರಾಮೂ ಐದು ಸಲ ಅಂತು. ಇಬ್ಬರದು ಮಾತ್ರ ಆರು ಅಂತು. ಅನುಮಾನ ಬಂತು. ಜರಡಿಗೆ ಹಾಕಿದೆ."

ಜರಡಿ ಅಂದರೆ ಶ್ರೀಕಂಠನೇ ಬರೆದ ಇನ್ನೊಂದು ಪ್ರೋಗ್ರಾಂ. ಎರಡು ಉತ್ತರ ಕೊಟ್ಟರೆ ಅವುಗಳ ಹೆಸರು, ಟಿಪ್ಪಣಿ, ಖಾಲಿ ಜಾಗ ಎಲ್ಲ ಉದುರಿಸಿ ಮೂಳೆ ಮಾತ್ರ ಉಳಿಸುತ್ತಿತ್ತು. ಆಮೇಲೆ ಮೂಳೆಗೆ ಮೂಳೆ ಹೋಲಿಸುತ್ತಿತ್ತು.

"ಏನು ಹೇಳ್ತು?"

"ನೂರಕ್ಕೆ ತೊಂಬತ್ತೆಂಟು ಪಾಲು ಒಂದೇ. ಒಬ್ಬರು 'ಜನ' ಅಂತ ಹೆಸರಿಟ್ಟ ಕಡೆ ಇನ್ನೊಬ್ಬರು 'ತಲೆ' ಅಂತ ಇಟ್ಟಿದ್ದಾರೆ. ಎರಡು ಸಾಲು ಮೇಲೆ ಕೆಳಗೆ ಮಾಡಿದ್ದಾರೆ. ಅಷ್ಟೇ."

"ಯಾರು?"

"ಮಾದೇಶ. ಚೆಲುವಿ."

ನದಿಯ ಕಡೆಯಿಂದ ಗಾಳಿ ಬಂತು. ಹಾಳೆಗಳು ಪಟಪಟ ಅಂದವು.

"ಸರಿ ಉತ್ತರ ಇಬ್ಬರಲ್ಲಿ ಒಂದೇ ಥರ ಇರಬಹುದು ಗುರುಗಳೇ. ತಪ್ಪು ಒಂದೇ ಥರ ಇರಲ್ಲ. ಇಬ್ಬರೂ ಎಣಿಕೆಯನ್ನ ಸೊನ್ನೆಯಿಂದ ಶುರು ಮಾಡೋ ಬದಲು ಒಂದರಿಂದ ಶುರು ಮಾಡಿದ್ದಾರೆ. ಅದಕ್ಕೇ ಐದು ಬರೋ ಕಡೆ ಆರು. ಹೊಸಬರು ಮಾಡೋ ತಪ್ಪು. ಆದರೆ ಇಬ್ಬರೂ ಒಟ್ಟಿಗೆ, ಅದೇ ಸಾಲಲ್ಲಿ?"

"ಯಾರು ಯಾರದನ್ನ ನೋಡಿದರು?"

"ಅದನ್ನ ಜರಡಿ ಹೇಳಲ್ಲ."

"ನೀನು ಹೇಳು."

"ಚೆಲುವಿ ನೋಡಿರಬೇಕು. ಮಾದೇಶ ಬೆಳಿಗ್ಗೆಯೇ ಕೊಟ್ಟ. ಅವಳು ಸಂಜೆ ಕೊಟ್ಟಳು. ಮಾದೇಶ ಚುರುಕು. ಅವಳು ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಾಳೆ."

"ಬೆರಳು ನಿಧಾನ."

"ಹೌದು."

"ತಲೆ?"

ಶ್ರೀಕಂಠ ಹಾಳೆಗಳನ್ನು ಮತ್ತೆ ಜೋಡಿಸಿದ.

"ಕಾಗದ ತಾ," ಅಂದರು ಗುರುಗಳು.

ಆಶ್ರಮದಲ್ಲಿ ಯಾರೂ ನೇರವಾಗಿ ಕಂಪ್ಯೂಟರ್ ಮುಂದೆ ಕೂರುವಂತಿರಲಿಲ್ಲ. ಮೊದಲು ಪೆನ್ಸಿಲಿನಲ್ಲಿ ಕಾಗದದ ಮೇಲೆ ಬರೆಯಬೇಕು. ಅಳಿಸಿದ್ದು, ಹೊಡೆದುಹಾಕಿದ್ದು, ತಿದ್ದಿದ್ದು ಎಲ್ಲ ಅದರಲ್ಲಿ ಉಳಿಯುತ್ತಿತ್ತು.

ಶ್ರೀಕಂಠ ತಲೆ ತಗ್ಗಿಸಿದ.

"ಕಾಗದ ಇಲ್ಲ ಗುರುಗಳೇ. ಕಂಪ್ಯೂಟರಿನಲ್ಲಿ ಇದೆಯಲ್ಲ ಅಂತ ಹಂಡೆ ಒಲೆಗೆ ಹಾಕಿದೆ."

"ನೀರು ಕಾಯ್ತಾ?"

"ಕಾಯ್ತು."

"ಅಷ್ಟಾದರೂ ಆಯ್ತು," ಅಂದರು ಗುರುಗಳು. "ನಾಲ್ಕು ದಿನ ಕಳೀಲಿ."

ಚೆಲುವಿ ಆ ದಡದವಳು. ಇಪ್ಪತ್ತು ವರ್ಷ. ದಿನಾ ಬಂದು ಹೋಗುತ್ತಿದ್ದಳು. ಮನೆಯಲ್ಲಿ ಜೊಂಡಿನ ಚಾಪೆ ಹೆಣೆಯುತ್ತಿದ್ದರು. ಒಂದು ವರ್ಷ ಹೋಗಿ ಕಲಿ, ಆಮೇಲೆ ಚಾಪೆ ಇದ್ದೇ ಇದೆ ಅಂದಿದ್ದರು. ಒಂಬತ್ತು ತಿಂಗಳಾಗಿತ್ತು.

ಶ್ರೀಕಂಠ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದ.

"ಯಾರದನ್ನ ನೋಡಿ ಬರೆದೆ?"

"ಯಾರದೂ ಇಲ್ಲ ಅಣ್ಣ."

"ಮಾದೇಶಂದು ನೋಡಲಿಲ್ಲವಾ?"

"ಅವನು ಬರೆದದ್ದು ಅವನಿಗೇ ಓದೋಕೆ ಬರಲ್ಲ ಅಣ್ಣ. ಕೋಳಿ ಕೆದಕಿದ ಹಾಗಿರುತ್ತೆ."

ಹಿಂದಿನಿಂದ ಯಾರೋ ನಕ್ಕರು. ಮಾದೇಶ ನಗಲಿಲ್ಲ. ತನ್ನ ಪೆನ್ಸಿಲಿನ ಮೊನೆ ನೋಡುತ್ತಿದ್ದ.

"ನಾಲ್ಕನೇ ದಿನ ತೀರ್ಮಾನ ಆಗುತ್ತೆ," ಅಂದ ಶ್ರೀಕಂಠ. "ಅಲ್ಲೀವರೆಗೆ ಕಂಪ್ಯೂಟರ್ ಮುಟ್ಟಬೇಡ."

"ಬರಬಹುದಾ?"

"ಬಾ. ಜಗಲೀಲಿ ಕೂರು."

ಅವಳು ಜಗಲಿಯ ಕಡೆ ಎರಡು ಹೆಜ್ಜೆ ಇಟ್ಟು ತಿರುಗಿದಳು.

"ಒಂದು ಸಲ ಹಿಂದಕ್ಕೆ ಕಳಿಸಿದರೆ ಮನೇಲಿ ಮತ್ತೆ ಕಳಿಸಲ್ಲ ಅಣ್ಣ. ಕದ್ದಳು ಅಂತ ಹೋದರೆ ಪೆನ್ಸಿಲ್ ಮುಟ್ಟೋಕೂ ಬಿಡಲ್ಲ."

"ನೋಡೋಣ."

ಅವಳು ಹೋಗಿ ಜಗಲಿಯ ತುದಿಯಲ್ಲಿ ಕೂತಳು. ಅಲ್ಲಿಂದ ಕಂಪ್ಯೂಟರ್ ಕಾಣುತ್ತಿರಲಿಲ್ಲ. ನದಿ ಕಾಣುತ್ತಿತ್ತು.

ಸಂಜೆ ಗುರುಗಳು ಕೇಳಿದರು.

"ಏನಂದಳು?"

"ಯಾರದೂ ನೋಡಿಲ್ಲ ಅಂದಳು."

"ನೀನು ಏನು ಕೇಳಿದೆ?"

"ಯಾರದನ್ನ ನೋಡಿದೆ ಅಂತ."

"ಒಂದರಿಂದ ಯಾಕೆ ಎಣಿಸಿದೆ ಅಂತ ಕೇಳಲಿಲ್ಲವಾ?"

"ಅದು ತಪ್ಪು ಗುರುಗಳೇ. ತಪ್ಪಿಗೆ ಯಾಕೆ ಅಂತ ಏನಿರುತ್ತೆ?"

ಗುರುಗಳು ಮೊದಲ ಸಲ ಕಣ್ಣು ತೆರೆದರು. ಶ್ರೀಕಂಠನನ್ನು ನೋಡಿದರು. ಮತ್ತೆ ಮುಚ್ಚಿದರು.

"ನಾಳೆ ದಡಕ್ಕೆ ಹೋಗು. ದೋಣಿ ಎಷ್ಟು ಸಲ ಹೋಗುತ್ತೆ ಎಣಿಸು."

ಮರುದಿನ ಶ್ರೀಕಂಠ ತಿಂಡಿ ಮುಗಿಸಿ ದಡಕ್ಕೆ ಹೋದ. ಮೆಟ್ಟಿಲ ಮೇಲೆ ಕೂತ.

ಅಂಬಿಗ ಬೆಟ್ಟಯ್ಯ ಹನ್ನೆರಡು ಜನ ಆಗುವವರೆಗೆ ದೋಣಿಯ ಹುಟ್ಟು ಮುಟ್ಟುತ್ತಿರಲಿಲ್ಲ. ಹನ್ನೊಂದು ಜನ ಕೂತು ಬೈದರೂ ಎಲೆಯಡಿಕೆ ಅಗಿಯುತ್ತಾ ಇನ್ನೊಬ್ಬನಿಗೆ ಕಾಯುತ್ತಿದ್ದ. ದಿನದ ಕೊನೆಯ ಸಲ ಮಾತ್ರ ಎಷ್ಟು ಜನ ಇದ್ದರೆ ಅಷ್ಟು.

ನೀರು ನಿಧಾನವಾಗಿ ಹರಿಯುತ್ತಿತ್ತು. ದೋಣಿ ಹೋಗುವುದು, ಚಿಕ್ಕದಾಗುವುದು, ಮತ್ತೆ ದೊಡ್ಡದಾಗಿ ಬರುವುದು. ನೋಡುತ್ತಾ ನೋಡುತ್ತಾ ಶ್ರೀಕಂಠನಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ.

ಸಂಜೆ ಬಂದು ಹೇಳಿದ.

"ನಲವತ್ತೊಂದು ಜನ. ನಾಲ್ಕು ಸಲ. ಲೆಕ್ಕ ಸರಿ ಇದೆ ಗುರುಗಳೇ."

"ಎಷ್ಟೊತ್ತಿಗೆ ಹೋದೆ?"

"ತಿಂಡಿ ಆದ ಮೇಲೆ."

"ಇನ್ನೂ ಬೇಗ ಹೋಗು."

ಎರಡನೆಯ ದಿನ ಸೂರ್ಯ ಹುಟ್ಟುವಾಗ ಹೋದ. ದಡದಲ್ಲಿ ಯಾರೂ ಇರಲಿಲ್ಲ. ದೋಣಿ ಗೂಟಕ್ಕೆ ಕಟ್ಟಿತ್ತು. ಬೆಟ್ಟಯ್ಯ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಆಮೇಲೆ ಒಬ್ಬೊಬ್ಬರೇ ಬಂದರು. ಹೂವಿನ ಬುಟ್ಟಿಯವರು, ಸೈಕಲ್ಲಿನವರು, ಮೇಕೆ ಹಿಡಿದವರು.

ಸಂಜೆ ಬಂದು ಹೇಳಿದ.

"ಐವತ್ತೆರಡು ಜನ. ಐದು ಸಲ. ಇವತ್ತೂ ಸರಿ ಇದೆ."

"ನೀನು ಹೋದಾಗ ಹುಟ್ಟು ಒಣಗಿತ್ತಾ?"

ಶ್ರೀಕಂಠ ನೆನಪು ಮಾಡಿಕೊಂಡ.

"ಇಲ್ಲ. ನೀರು ತೊಟ್ಟಿಕ್ಕುತ್ತಿತ್ತು."

"ಯಾಕೆ?"

"ಮಂಜು ಬಿದ್ದಿರಬೇಕು."

"ಮಂಜು," ಅಂದರು ಗುರುಗಳು. ಆ ಮಾತಿನಲ್ಲಿ ನಗು ಇತ್ತೋ ಇಲ್ಲವೋ ಹೇಳುವುದು ಕಷ್ಟ. "ಇನ್ನೂ ಬೇಗ ಹೋಗು."

ಜಗಲಿಯ ತುದಿಯಲ್ಲಿ ಚೆಲುವಿ ಕಾಗದದ ಮೇಲೆ ಏನೋ ಬರೆಯುತ್ತಿದ್ದಳು. ಕಂಪ್ಯೂಟರ್ ಮುಟ್ಟಬೇಡ ಅಂದ ಮೇಲೂ ಅವಳು ಒಂದು ದಿನ ತಪ್ಪಿಸಿರಲಿಲ್ಲ. ಕದ್ದವಳು ಹೀಗೆ ಬಂದು ಕೂರುತ್ತಾಳಾ ಅಂತ ಶ್ರೀಕಂಠನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಬದಿಗಿಟ್ಟ. ಅನ್ನಿಸಿದ್ದಕ್ಕೆ ಅವನ ಜರಡಿಯಲ್ಲಿ ಜಾಗ ಇರಲಿಲ್ಲ.

ಮೂರನೆಯ ದಿನ ಕೋಳಿ ಕೂಗುವ ಮೊದಲೇ ಎದ್ದ. ಕಂಬಳಿ ಹೊದ್ದು ದಡಕ್ಕೆ ಹೋದ.

ಮಂಜು ನೀರಿನ ಮೇಲೆ ಮಲಗಿತ್ತು. ನದಿ ಕಾಣುತ್ತಿರಲಿಲ್ಲ. ಅದರ ಸದ್ದು ಮಾತ್ರ ಇತ್ತು. ಯಾರೋ ಪಕ್ಕದ ಕೋಣೆಯಲ್ಲಿ ಮೆಲ್ಲಗೆ ಮಾತಾಡುವ ಹಾಗೆ.

ಕೂತಲ್ಲೇ ಅವನ ಕಣ್ಣು ಎಳೆಯಿತು.

ಮೆಟ್ಟಿಲುಗಳು ನೀರಿನೊಳಗೆ ಇಳಿಯುತ್ತಾ ಹೋಗಿದ್ದವು. ಅವನು ಎಣಿಸುತ್ತಾ ಇಳಿಯುತ್ತಿದ್ದ. ನೀರೊಳಗೆ ಉಸಿರು ಕಟ್ಟುತ್ತಿರಲಿಲ್ಲ. ಆದರೆ ಮೊದಲನೆಯ ಮೆಟ್ಟಿಲನ್ನು ಸೊನ್ನೆ ಅನ್ನಬೇಕೋ ಒಂದು ಅನ್ನಬೇಕೋ ಮರೆತುಹೋಗುತ್ತಿತ್ತು. ಮತ್ತೆ ಮೇಲಕ್ಕೆ ಹತ್ತಿ ಬರುತ್ತಿದ್ದ. ಮತ್ತೆ ಇಳಿಯುತ್ತಿದ್ದ.

ಹಗ್ಗ ಬಿಚ್ಚಿದ ಸದ್ದಿಗೆ ಎಚ್ಚರವಾಯಿತು.

"ಏನ್ ಮೇಷ್ಟ್ರೇ," ಮಂಜಿನೊಳಗಿಂದ ಬೆಟ್ಟಯ್ಯನ ಧ್ವನಿ ಬಂತು. "ಮಕ್ಕಳಿಗೆ ಹಾಜರಿ ಹಾಕಿ ಸಾಕಾಯ್ತಾ? ಮೂರು ದಿನದಿಂದ ನನಗೆ ಹಾಕ್ತಿದ್ದೀರಿ."

"ಎಲ್ಲಿಗೆ ಹೊರಟ್ರಿ?"

"ಇನ್ನೆಲ್ಲಿಗೆ. ಆ ಕಡೆಗೆ."

"ದೋಣೀಲಿ ಯಾರೂ ಇಲ್ಲವಲ್ಲ."

"ಇಲ್ಲ."

"ಹನ್ನೆರಡು ಆಗದೆ ನೀವು ಹೊರಡಲ್ಲ. ನಿನ್ನೆ ಆ ಮೇಕೆಯವನು ಎಷ್ಟು ಬೇಡಿಕೊಂಡ."

"ಬೇಡಿಕೊಳ್ಳಲಿ. ಅದು ಆಮೇಲಿನ ಮಾತು. ಇದು ಮೊದಲನೇದು."

"ಖಾಲಿ ಯಾಕೆ ಹೋಗ್ತೀರಿ?"

"ಖಾಲಿ ಅಂತ ಈ ಕಡೆ ಕೂತೋರು ಅಂತಾರೆ," ಅಂದ ಬೆಟ್ಟಯ್ಯ. "ಆ ಕಡೆ ಯಾರಾದ್ರೂ ನಿಂತಿದ್ರೆ? ಅಲ್ಲಿಂದ ಕೂಗಿದ್ರೆ ಇಲ್ಲಿಗೆ ಕೇಳಲ್ಲ. ಹೋಗಿ ನೋಡದೆ ಹೆಂಗೆ ಗೊತ್ತಾಗುತ್ತೆ?"

"ಯಾರೂ ಇಲ್ಲದಿದ್ರೆ?"

"ಹಂಗೇ ಬರ್ತೀನಿ. ಇಲ್ಲ ಅಂತ ಗೊತ್ತಾಯ್ತಲ್ಲ."

"ದಿನಾ ಹೋಗ್ತೀರಾ?"

"ನಮ್ಮಪ್ಪನೂ ಹೋಗ್ತಿದ್ದ. ಕಾಲು ತೆಗೀರಿ, ಹಗ್ಗದ ಮೇಲೆ ಇಟ್ಟಿದ್ದೀರಿ."

ದೋಣಿ ಮಂಜಿನೊಳಗೆ ಹೋಯಿತು. ಮೊದಲು ಬೆಟ್ಟಯ್ಯ ಮಾಯವಾದ. ಆಮೇಲೆ ದೋಣಿ. ಕೊನೆಗೆ ಹುಟ್ಟಿನ ಸದ್ದು.

ಶ್ರೀಕಂಠ ಬೆರಳು ಮಡಿಸಿದ. ಒಂದು.

ಈ ದಡಕ್ಕೆ ಇನ್ನೂ ಒಬ್ಬರೂ ಬಂದಿರಲಿಲ್ಲ. ಲೆಕ್ಕ ಆಗಲೇ ಒಂದಾಗಿತ್ತು.

ಬೆಳಕು ಹರಿಯಿತು. ಮಂಜು ಬಿಳಿಯಾಯಿತು. ಎಷ್ಟೋ ಹೊತ್ತಿನ ಮೇಲೆ ಹುಟ್ಟಿನ ಸದ್ದು ಮತ್ತೆ ಕೇಳಿತು. ದೋಣಿ ಬಂತು. ಅದರಲ್ಲಿ ಒಬ್ಬಳು ಕೂತಿದ್ದಳು. ಮಡಿಲಲ್ಲಿ ಕಾಗದ, ಕೈಯಲ್ಲಿ ಪೆನ್ಸಿಲ್.

"ಅಣ್ಣ, ಇಷ್ಟು ಬೇಗ ಎದ್ದಿದ್ದೀರಿ," ಅಂದಳು ಚೆಲುವಿ.

"ಎಣಿಕೆ ಒಂದರಿಂದ ಯಾಕೆ ಶುರು ಮಾಡಿದೆ?"

ನೀರು ಯಾಕೆ ಒದ್ದೆ ಅಂತ ಯಾರೋ ಕೇಳಿದ ಹಾಗೆ ಅವಳು ಅವನನ್ನು ನೋಡಿದಳು.

"ಬೆಟ್ಟಯ್ಯಮಾವ ಒಂದು ಸಲ ಬಂದಿರ್ತಾರಲ್ಲ ಅಣ್ಣ. ಈ ದಡಕ್ಕೆ ಜನ ಬರೋಕೆ ಮೊದಲೇ. ಇಲ್ಲದಿದ್ರೆ ನಾನು ಹೆಂಗೆ ಬರ್ತಿದ್ದೆ?"

"ಮೊನ್ನೆ ಹೇಳಬೇಕಿತ್ತು."

"ನೀವು ಯಾರದನ್ನ ನೋಡಿದೆ ಅಂದ್ರಿ. ಯಾಕೆ ಅನ್ನಲಿಲ್ಲ."

ಅವಳು ದೋಣಿಯಿಂದ ಇಳಿದಳು. ಸೀರೆಯ ಅಂಚು ಹಿಂಡಿದಳು.

"ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ ಅಣ್ಣ," ಅಂದಳು.

ಶ್ರೀಕಂಠ ನೇರವಾಗಿ ಮಾದೇಶನ ಹತ್ತಿರ ಹೋದ. ಅವನು ಬಾವಿಯ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ. ಹಾಳೆ ಅವನ ಮುಂದೆ ಹಿಡಿದ.

"ಈ ಸಾಲು. ಎಣಿಕೆ ಒಂದರಿಂದ ಶುರು ಮಾಡಿದ್ದೀಯ. ಯಾಕೆ?"

ಮಾದೇಶ ಬಾಯಿ ಮುಕ್ಕಳಿಸಿದ. ಉತ್ತರ ಸಿದ್ಧವಾಗಿತ್ತು.

"ಮುನ್ನೆಚ್ಚರಿಕೆ ಅಣ್ಣ. ಸೊನ್ನೆ ಇದ್ದರೆ ಮುಂದೆ ಭಾಗಾಕಾರ ಮಾಡುವಾಗ ಕೆಡುತ್ತೆ. ಸೊನ್ನೆಯಿಂದ ಭಾಗಿಸೋಕೆ ಹೋಗಿ ಕಂಪ್ಯೂಟರ್ ನಿಂತುಬಿಡುತ್ತೆ. ದೊಡ್ಡ ದೊಡ್ಡವರೆಲ್ಲ ಹೀಗೇ ಮಾಡ್ತಾರೆ."

"ಭಾಗಾಕಾರ ಎಲ್ಲಿದೆ ತೋರಿಸು."

ಮಾದೇಶ ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದ. ಕೆಳಗಿನಿಂದ ಮೇಲೆ ನೋಡಿದ. ಜನರಿರುವವರೆಗೆ ಹನ್ನೆರಡು ಕಳೆ, ಒಂದು ಕೂಡು. ಅಷ್ಟೇ ಇತ್ತು. ಭಾಗಾಕಾರ ಎಲ್ಲೂ ಇರಲಿಲ್ಲ.

ಕೈಯಲ್ಲಿದ್ದ ಚೊಂಬನ್ನು ಮೆಲ್ಲಗೆ ಕೆಳಗಿಟ್ಟ.

"ಅವಳು ಕೈ ತೊಳೆಯೋಕೆ ಹೋಗಿದ್ದಳು. ಕಾಗದ ಜಗಲಿ ಮೇಲಿತ್ತು."

"ನಿನಗೇ ಬರುತ್ತಿತ್ತಲ್ಲ."

"ಬರುತ್ತಿತ್ತು. ನಾನೂ ಬರೆದಿದ್ದೆ. ನನ್ನದ್ರಲ್ಲಿ ಐದು ಬಂದಿತ್ತು."

"ಮತ್ತೆ?"

"ಅವಳದ್ರಲ್ಲಿ ಆರು ಇತ್ತು. ನಂದು ಅಳಿಸಿದೆ."

"ಯಾಕೆ?"

"ಅವಳು ಯಾವತ್ತೂ ತಪ್ಪು ಮಾಡಲ್ಲ ಅಣ್ಣ."

ಅಷ್ಟರಲ್ಲಿ ಚೆಲುವಿ ಬಿಂದಿಗೆ ಹಿಡಿದು ಬಾವಿಗೆ ಬಂದಿದ್ದಳು. ಎಲ್ಲ ಕೇಳಿಸಿಕೊಂಡಳು. ಮಾದೇಶ ತಲೆ ಎತ್ತಲಿಲ್ಲ.

"ನಿನ್ನನ್ನ ಜಗಲೀಲಿ ಕೂರಿಸಿದಾಗ ಹೇಳಬೇಕಿತ್ತು," ಅಂದ. "ಹೇಳೋಣ ಅಂತ ದಿನಾ ಏಳ್ತಿದ್ದೆ."

"ಕೋಳಿ ಅಂದಿದ್ದೆ ನಿನಗೆ," ಅಂದಳು ಚೆಲುವಿ. "ತಪ್ಪಾಯ್ತು. ಕೋಳಿ ತಾನೇ ಕೆದಕಿ ತಿನ್ನುತ್ತೆ."

ಹಗ್ಗ ಬಿಟ್ಟಳು. ಬಿಂದಿಗೆ ನೀರಿಗೆ ಬಿದ್ದ ಸದ್ದು ಬಹಳ ಕೆಳಗಿನಿಂದ ಬಂತು.

ಶ್ರೀಕಂಠ ಗುರುಗಳ ಮುಂದೆ ನಿಂತ.

"ಬರೆದವಳು ಚೆಲುವಿ. ನೋಡಿದವನು ಮಾದೇಶ. ಒಪ್ಪಿಕೊಂಡಿದ್ದಾನೆ. ನಾಳೆ ಮೊದಲ ದೋಣಿಗೆ ಅವನನ್ನ ಕಳಿಸ್ತೀನಿ."

"ಅವನು ಐದು ಅಂತಲೇ ಬಿಟ್ಟಿದ್ದರೆ?"

"ಸರಿ ಅಂತ ಗುರುತು ಹಾಕ್ತಿದ್ದೆ."

"ಸರಿಯಾ?"

ಶ್ರೀಕಂಠನಿಗೆ ಮಂಜಿನೊಳಗೆ ಹೋದ ದೋಣಿ ಕಂಡಿತು.

"ಅಲ್ಲ."

ಗುರುಗಳು ಕಾಲು ಚಾಚಿದರು. ಒಂದು ಇರುವೆ ಅವರ ಪಾದದ ಮೇಲೆ ಹತ್ತಿ ಇಳಿಯಿತು.

"ನೋಡಿ ಬರೆಯೋದು ತಪ್ಪಲ್ಲ ಅಂತೀರಾ ಗುರುಗಳೇ?"

"ತಪ್ಪೇ."

"ಹಾಗಾದರೆ?"

"ದೋಣಿಯ ಪ್ರಶ್ನೆ ಯಾರದು?"

"ನಾನೇ ಕೊಟ್ಟದ್ದು."

"ಯಾರದು ಅಂದೆ."

ಶ್ರೀಕಂಠ ತಡವರಿಸಿದ.

"ನಿಮ್ಮ ಹಳೇ ನೋಟ್‌ಬುಕ್ಕಿನಲ್ಲಿತ್ತು."

"ಎಷ್ಟು ವರ್ಷದಿಂದ ಕೊಡ್ತಿದ್ದೀಯ?"

"ಪಾಠ ಶುರು ಮಾಡಿದಾಗಿಂದ. ಒಂಬತ್ತು ವರ್ಷ."

"ಉತ್ತರ ಐದು ಅಂತ ಯಾರು ಹೇಳಿದರು?"

"ಅದೂ ಅಲ್ಲೇ ಇತ್ತು. ಪ್ರಶ್ನೆಯ ಕೆಳಗೆ. ನಿಮ್ಮ ಅಕ್ಷರದಲ್ಲಿ."

"ಹೂಂ," ಅಂದರು ಗುರುಗಳು. "ಅದನ್ನ ಬರೆದಾಗ ನಾನೂ ದಡಕ್ಕೆ ಹೋಗಿರಲಿಲ್ಲ."

ಶ್ರೀಕಂಠ ಕೆಳಗೆ ಕೂತ. ಗುರುಗಳು ತಪ್ಪು ಬರೆದಿದ್ದರು ಅನ್ನುವುದು ಅವನೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಯಾವಾಗ ಹೋದಿರಿ?"

"ವಯಸ್ಸಾಯ್ತು. ಬೆಳಗಿನ ನಿದ್ದೆ ಹೋಯ್ತು. ಅಲ್ಲಿ ಹೋಗಿ ಕೂರ್ತಿದ್ದೆ. ಕಂಡಿತು."

"ಕಂಡ ಮೇಲೆ ನೋಟ್‌ಬುಕ್ಕಿನಲ್ಲಿ ತಿದ್ದಬಹುದಿತ್ತಲ್ಲ ಗುರುಗಳೇ."

"ತಿದ್ದಿದ್ದರೆ ನೀನು ಆರು ಅಂತ ನೋಡಿ ಬರೀತಿದ್ದೆ."

ಒಳಗಿನಿಂದ ಕಂಪ್ಯೂಟರಿನ ಕೀಲಿಗಳ ಸದ್ದು ಬರುತ್ತಿತ್ತು. ಯಾರೋ ಬೇಗ ಬೇಗ ಒತ್ತುತ್ತಿದ್ದರು, ನಿಲ್ಲಿಸುತ್ತಿದ್ದರು.

ಶ್ರೀಕಂಠ ಎದ್ದು ಒಳಗೆ ಹೋದ. ಗೋಡೆಯ ಮುಂದೆ ನಿಂತ. ತಾನೇ ಬರೆದ ಒಂದು ಸಾಲನ್ನು ಮೊದಲ ಸಲ ಓದುವವನ ಹಾಗೆ ಓದಿದ. ಮತ್ತೆ ಹೊರಗೆ ಬಂದ.

"ನಿಯಮದ ಪ್ರಕಾರ ನಾನೂ ಹೊರಡಬೇಕು."

"ದೋಣೀಲಿ ಹನ್ನೆರಡು ಜನ ಹಿಡೀತಾರೆ," ಅಂದರು ಗುರುಗಳು. "ಜಾಗ ಇದೆ."

ಬೇಡ ಅನ್ನುತ್ತಾರೆ ಅಂದುಕೊಂಡಿದ್ದ ಶ್ರೀಕಂಠ. ಅವನ ಮುಖ ಬಾಡಿತು.

"ಆ ದಡದಲ್ಲಿ ಊರಿದೆ," ಗುರುಗಳು ಮುಂದುವರಿಸಿದರು. "ಚಾಪೆ ಹೆಣೆಯೋರಿದ್ದಾರೆ. ಮೀನು ಹಿಡಿಯೋರಿದ್ದಾರೆ. ಮೇಕೆಯವರಿದ್ದಾರೆ. ದಿನಾ ಯಾವುದೋ ಒಂದು ಲೆಕ್ಕ ಬಗೆಹರಿಯದೆ ತಲೆ ಕೆರೆದುಕೊಂಡಿರ್ತಾರೆ. ಹೋಗಿ ಅವರ ಪಕ್ಕ ಕೂರು. ಆರು ಪ್ರಶ್ನೆ ತಾ. ಒಬ್ಬೊಬ್ಬರಿಗೆ ಒಂದೊಂದು."

"ಶಿಷ್ಯರು ಏಳು ಜನ ಗುರುಗಳೇ."

"ಮಾದೇಶಂದು ಅವನೇ ಹುಡುಕಲಿ. ಅಲ್ಲೇ ಕೂತು ಬರೀಲಿ. ಮುಗಿದ ಮೇಲೆ ಬರಲಿ."

"ಅವನನ್ನೂ ವಾಪಸ್ಸು ಕರೀತೀರಾ?"

"ನಿನ್ನನ್ನ ಕರೀತಿಲ್ಲವಾ?"

ಶ್ರೀಕಂಠ ತಲೆ ತಗ್ಗಿಸಿದ. ಹಾಗೇ ಕೇಳಿದ.

"ನಾನು ತರೋ ಪ್ರಶ್ನೆಗಳ ಉತ್ತರ ನನಗೆ ಗೊತ್ತಿರಬೇಕಲ್ಲ. ಇಲ್ಲದಿದ್ದರೆ ಹೇಗೆ ತಿದ್ದಲಿ?"

"ಗೊತ್ತಿರೋದು ತರಬೇಡ."

"ಹಾಗಾದರೆ ಸರಿ ತಪ್ಪು ಹೇಗೆ ತಿಳಿಯೋದು?"

"ಅವರಿಗೆ ತೋರಿಸು. ಲೆಕ್ಕ ಯಾರದೋ ಅವರಿಗೆ."

"ಇಲ್ಲಿ ಪಾಠ?"

"ಚೆಲುವಿ ಹೇಳ್ತಾಳೆ."

"ಅವಳ ಬೆರಳು..."

"ನಿಧಾನ," ಅಂದರು ಗುರುಗಳು. "ಒಳ್ಳೇದಾಯ್ತು. ಉಳಿದವರು ನೋಡಿ ಕಲೀಲಿ."

ನಾಲ್ಕನೆಯ ದಿನ. ಬೆಳಕಾಗುವ ಮೊದಲು ಮೂವರು ಮೆಟ್ಟಿಲಿಳಿದರು. ಮುಂದೆ ಗುರುಗಳು, ಅವರ ಹಿಂದೆ ಶ್ರೀಕಂಠ, ಕೊನೆಗೆ ಮಾದೇಶ. ಮಾದೇಶನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಕಾಗದದ ಒಂದು ಕಟ್ಟು, ನಾಲ್ಕು ಪೆನ್ಸಿಲ್. ರಬ್ಬರನ್ನು ಗುರುಗಳು ತೆಗೆದಿಟ್ಟುಕೊಂಡಿದ್ದರು.

ಬೆಟ್ಟಯ್ಯ ಹಗ್ಗ ಬಿಚ್ಚುತ್ತಿದ್ದ.

"ಓಹೋ, ಇವತ್ತು ಹೋಗೋವಾಗಲೇ ಜನ," ಅಂದ. "ಮೇಷ್ಟ್ರೇ, ನಿಮ್ಮ ಲೆಕ್ಕ ಮತ್ತೆ ಕೆಟ್ಟಿತು."

ಮಾದೇಶ ಗುರುಗಳ ಕಾಲಿಗೆ ನಮಸ್ಕರಿಸಿ ದೋಣಿ ಹತ್ತಿದ. ಹಲಗೆಯ ಮೇಲೆ ಕೂತು ನೀರನ್ನು ನೋಡಿದ. ಮಂಜು ಅವನ ಮೊಣಕಾಲಿನವರೆಗೆ ಬಂದಿತ್ತು. ದೋಣಿ ನೀರಿನ ಮೇಲಿದೆಯೋ ಮೋಡದ ಮೇಲಿದೆಯೋ ಅನ್ನುವ ಹಾಗಿತ್ತು.

ಶ್ರೀಕಂಠ ಒಂದು ಕಾಲು ದೋಣಿಯಲ್ಲಿಟ್ಟ. ಇನ್ನೊಂದು ಕಾಲು ಮೆಟ್ಟಿಲ ಮೇಲೇ ಇತ್ತು. ಹಿಂದಿರುಗಿ, ಮಾದೇಶನಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದ.

"ಗುರುಗಳೇ, ಅಲ್ಲೂ ಅವನು ನೋಡಿ ಬರೆದರೆ?"

ಗುರುಗಳು ದೋಣಿಯನ್ನು ಕೈಯಿಂದ ಒಂದಿಷ್ಟು ನೂಕಿದರು. ಶ್ರೀಕಂಠನ ಇನ್ನೊಂದು ಕಾಲೂ ಒಳಗೆ ಬಂತು.

"ಯಾರದನ್ನು?" ಅಂದರು.